ಬಿಲ್ಲೆ ಒತ್ತಿದರೆ ಬಿಸಿಯಾಗುವ ಪ್ಯಾಕ್: ಸರಿಯಾಗಿ ಕುದಿಸಿದರಷ್ಟೇ ಶಾಖ

ಒಳಗೊಂದು ಲೋಹದ ಬಿಲ್ಲೆ ತೇಲುವ ಈ ಹೀಟ್ ಪ್ಯಾಕ್ ಶಾಖವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಕುದಿಯುವ ನೀರಿನಲ್ಲಿ ಹೀರಿಕೊಂಡದ್ದನ್ನು ಕೂಡಿಟ್ಟು, ಬೇಕೆಂದಾಗ ಕೊಡುತ್ತದೆ. ಅದಕ್ಕೇ ಇದರ ಕೆಲಸ ಬಹುಪಾಲು ನಿಂತಿರುವುದು ನಾವು ಕುದಿಸುವ ಕ್ರಮದ ಮೇಲೆ.

ಒಳಗಿರುವುದು ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್, ಹರಳಿನಲ್ಲೇ ನೀರು ಸೇರಿಕೊಂಡ ಲವಣ. 58 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲವಣ, ಆರಿದ ಮೇಲೂ ಗಟ್ಟಿಯಾಗದೆ ದ್ರವವಾಗಿಯೇ ಇರುತ್ತದೆ. ಬಿಲ್ಲೆ ಬಗ್ಗಿಸಿದ ಜಾಗದಿಂದ ಹರಳು ಹಬ್ಬಿ, ಕೆಲವೇ ಸೆಕೆಂಡುಗಳಲ್ಲಿ ಇಡೀ ಪ್ಯಾಕ್ ಬೆಳ್ಳಗೆ ಗಟ್ಟಿಯಾಗುತ್ತದೆ, ತಾಪ 54 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಿಜಕ್ಕೂ ಸೊಗಸಾದ ನೋಟ. 100 ಗ್ರಾಂ ಲವಣದ ಸುಪ್ತೋಷ್ಣ, ಅಂದರೆ ಕರಗುವಾಗ ಹೀರಿಕೊಂಡು ಗಟ್ಟಿಯಾಗುವಾಗ ಬಿಡುವ ಶಾಖ, ಸುಮಾರು 26 ಕಿಲೋಜೌಲ್. ಅದರಲ್ಲಿ ಒಂದು ಪಾಲು ಪ್ಯಾಕ್ ತನ್ನನ್ನೇ ಕಾಯಿಸಿಕೊಳ್ಳಲು ಹೋಗುತ್ತದೆ. ಹಾಗಿದ್ದರೂ, ಅಷ್ಟೇ ತೂಕದ ಬಿಸಿನೀರು 58ರಿಂದ 37 ಡಿಗ್ರಿಗೆ ಇಳಿಯುವಾಗ ಕೊಡುವ 9 ಕಿಲೋಜೌಲ್‌ನ ಸುಮಾರು ಎರಡು ಪಟ್ಟು ಸಿಗುತ್ತದೆ. ಬರಿಗೈಯಲ್ಲಿ ಗಾಳಿಗೆ ಹಿಡಿದರೆ ಬೇಗ ಆರುತ್ತದೆ. ಉಣ್ಣೆಬಟ್ಟೆಯಲ್ಲಿ ಸುತ್ತಿದರೆ ಬೆಚ್ಚಗೆ ಉಳಿಯುತ್ತದೆ. ಚರ್ಮಕ್ಕೆ ನೇರವಾಗಿ ಒತ್ತಿ ಇಡಲೇಬಾರದು, 54 ಡಿಗ್ರಿ ಸುಡುವಷ್ಟು ಬಿಸಿ.

ಮತ್ತೆ ಸಿದ್ಧಪಡಿಸುವಾಗಲೇ ಹೆಚ್ಚಿನವರು ಎಡವುವುದು. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಪ್ಯಾಕ್ ಪೂರ್ತಿ ಮುಳುಗುವಷ್ಟು ನೀರು ಹಾಕಿ, 10ರಿಂದ 15 ನಿಮಿಷ ಕುದಿಸಬೇಕು. ಬಟ್ಟೆ ಇಲ್ಲದಿದ್ದರೆ ಕಾದ ತಳಕ್ಕೆ ತಗುಲಿ ಪ್ಲಾಸ್ಟಿಕ್ ಕರಗಿ ತೂತಾಗಬಹುದು. ದ್ರವ ತಿಳಿಯಾಗಿ ಕಂಡ ತಕ್ಷಣ ತೆಗೆಯುವ ಆತುರ ಬೇಡ. ಬೆಸುಗೆಯ ಮೂಲೆಯಲ್ಲೋ ಬಿಲ್ಲೆಯ ಸುತ್ತಲೋ ಒಂದೇ ಒಂದು ಹರಳು ಉಳಿದರೂ ಸಾಕು, ಆರುತ್ತಿದ್ದಂತೆ ಪ್ಯಾಕ್ ತಾನಾಗಿಯೇ ಗಟ್ಟಿಯಾಗಿ, ಕೂಡಿಟ್ಟ ಶಾಖವೆಲ್ಲ ಪಾತ್ರೆಯ ಪಕ್ಕದಲ್ಲೇ ಚೆಲ್ಲಿಹೋಗುತ್ತದೆ. ಮೈಕ್ರೋವೇವ್‌ನಲ್ಲಿ ಇಡಬೇಡಿ: ಒಳಗೆ ಲೋಹವಿದೆ, ಅಲ್ಲದೆ ಒಂದೆಡೆ ವಿಪರೀತ ಕಾದು ಪ್ಯಾಕ್ ಒಡೆಯಬಹುದು.

ಕೈ ಬೆಚ್ಚಗಿಡಲು ಬಳಸುವ ಕಬ್ಬಿಣದ ಪುಡಿಯ ಪೊಟ್ಟಣಗಳ ದಾರಿಯೇ ಬೇರೆ. ಅಲ್ಲಿ ಉಪ್ಪುನೀರು, ಇದ್ದಿಲಿನ ಜೊತೆಗಿರುವ ಕಬ್ಬಿಣ ಗಾಳಿಯ ಆಮ್ಲಜನಕದಿಂದ ತುಕ್ಕು ಹಿಡಿಯುತ್ತದೆ. ಅದು ಶಾಖವನ್ನು ಹೊರಸೂಸುವ (ಬಹಿರುಷ್ಣಕ) ರಾಸಾಯನಿಕ ಕ್ರಿಯೆ, ಗಂಟೆಗಟ್ಟಲೆ ನಡೆಯುತ್ತದೆ. ಗಾಳಿ ಆಡದ ಜೇಬಿನಲ್ಲಿ ಮಾತ್ರ ಮಂಕಾಗುತ್ತದೆ. ಒಮ್ಮೆ ಬಳಸಿದರೆ ಮುಗಿಯಿತು. ಇಡೀ ದಿನ ಚಳಿಯಲ್ಲಿ ನಡೆಯುವವರಿಗೆ ಅದೇ ಸರಿ. ಮರಗಟ್ಟಿದ ಬೆರಳನ್ನು ಅರ್ಧ ಗಂಟೆ ಬೆಚ್ಚಗಾಗಿಸಿ ಬಿಡಿಸಿಕೊಳ್ಳಲು, ಭುಜದ ಬಿಗಿತಕ್ಕೆ ಕಾವು ಕೊಡಲು ಬಿಲ್ಲೆಯ ಪ್ಯಾಕನ್ನು ಧೈರ್ಯವಾಗಿ ಕೊಳ್ಳಬಹುದು.

ಕೊಳ್ಳುವಾಗ ಅಂಚಿನ ಬೆಸುಗೆ ಅಗಲವಾಗಿದೆಯೇ ನೋಡಿ. ಎಷ್ಟು ಹೊತ್ತು ಕುದಿಸಿದರೂ ತಳದಲ್ಲಿ ಬಿಳಿ ಪುಡಿ ಉಳಿಯುತ್ತಿದ್ದರೆ ಒಳಗಿನ ನೀರು ಆವಿಯಾಗಿ ಸೋರಿದೆ ಎಂದರ್ಥ. ಆ ಪ್ಯಾಕನ್ನು ಬದಲಿಸಿಬಿಡಿ.