ಹಿಮನದಿಯನ್ನು ಉಪಗ್ರಹದಿಂದ ತೂಗುವ ತರಬೇತಿ: ಒಂದು ವಿಮರ್ಶೆ

ದಾವಣಗೆರೆಯ ಖಾಸಗಿ ಸಂಸ್ಥೆಯೊಂದು ಭೂಗೋಳ ಶಿಕ್ಷಕರಿಗಾಗಿ ನಡೆಸಿದ ಎರಡು ದಿನಗಳ ತರಬೇತಿಗೆ ಚಿತ್ರದುರ್ಗದಿಂದ ಬಸ್ಸಿನಲ್ಲಿ ಓಡಾಡಿಕೊಂಡು ಹಾಜರಾಗಿದ್ದೆ. ಶುಲ್ಕ ಊಟ ಸೇರಿ 1,200 ರೂಪಾಯಿ. ಬಯಲುಸೀಮೆಯ ಮೇಷ್ಟ್ರಿಗೆ ಹಿಮಾಲಯದ ಗೊಡವೆ ಏಕೆಂದು ಸಹೋದ್ಯೋಗಿಗಳು ನಕ್ಕಿದ್ದರಾದರೂ, ಮೊದಲ ದಿನ ಮಧ್ಯಾಹ್ನದೊಳಗೇ ಕೊಟ್ಟ ಹಣ ವಸೂಲಾಯಿತು.

ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ಎರಡು ಎತ್ತರದ ನಕ್ಷೆಗಳನ್ನು ನಮಗೆ ಕೊಟ್ಟಿದ್ದರು. ಒಂದು, 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ಇನ್ನೊಂದು, ಈಚಿನ ಉಪಗ್ರಹ ಚಿತ್ರಗಳಿಂದ ತಯಾರಿಸಿದ್ದು. ಹೊಸದರಿಂದ ಹಳೆಯದನ್ನು ಕಳೆದಾಗ ಪರ್ವತದ ಒಂದು ಮಗ್ಗುಲು ಪೂರ್ತಿ ಕೆಂಪು (ಎಂದರೆ ತಗ್ಗಿದ್ದು), ಎದುರು ಮಗ್ಗುಲು ಪೂರ್ತಿ ನೀಲಿಯಾಗಿ (ಎಂದರೆ ಏರಿದ್ದಾಗಿ) ಮೂಡಿತು. "ಸಾರ್, ಬಂಡೇನೂ ಕರಗ್ತಾ ಇದೆಯಾ?" ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿದಿದ್ದರೂ ಕಡಿದಾದ ಇಳಿಜಾರಿನಲ್ಲಿ ಅದು ಎತ್ತರದ ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆಂದೂ, ಬದಲಾಗದ ಬಂಡೆಯ ಮೇಲಿನ ವ್ಯತ್ಯಾಸ ಸೊನ್ನೆಗೆ ಬರುವವರೆಗೆ ನಕ್ಷೆಯನ್ನು ಸರಿಸಿದ ಬಳಿಕವೇ ಹಿಮದ ಅಂಕಿಯನ್ನು ಓದಬೇಕೆಂದೂ ತರಬೇತುದಾರರು ಮಾಡಿ ತೋರಿಸಿದರು. ಬಂಡೆಗಳ ಬಣ್ಣ ಮಾಸಿ, ಹಿಮನದಿಯ ಕೆಳತುದಿಯಷ್ಟೇ ಕೆಂಪಾಗಿ ಉಳಿಯಿತು. ರೇಡಾರ್ ಕಿರಣ ಒಣ ಹಿಮದೊಳಗೆ ಕೆಲವು ಮೀಟರ್ ಇಳಿದು ಹಳೆಯ ಮೇಲ್ಮೈಯನ್ನು ತಗ್ಗಿಸಿ ತೋರಿಸುವುದರಿಂದ, ಅದನ್ನು ಸರಿಪಡಿಸದಿದ್ದರೆ ನಷ್ಟ ಕಡಿಮೆಯೆಂದು ಕಾಣುತ್ತದೆ ಎಂಬುದನ್ನೂ ಅವರು ಮರೆಯದೆ ಹೇಳಿದರು.

ನನ್ನ ಆಕ್ಷೇಪ ಇರುವುದು, ಎತ್ತರದ ವ್ಯತ್ಯಾಸದಿಂದ ಸಿಕ್ಕ ಹಿಮದ ಗಾತ್ರವನ್ನು ತೂಕವಾಗಿಸಿದ ರೀತಿಗೆ. ಘನ ಮೀಟರಿಗೆ 850 ಕಿಲೋ ಎಂದು ಗುಣಿಸಿ ಮುಂದೆ ಹೋದರು. ಆ ಅಂಕಿಯ ಬೆನ್ನಿಗೆ 60 ಕಿಲೋ ಹೆಚ್ಚುಕಡಿಮೆ ಇದೆಯೆಂಬುದು, ನಾಲ್ಕೈದು ವರ್ಷಕ್ಕಿಂತ ಕಡಿಮೆ ಅವಧಿಗೆ ಅದನ್ನು ನಂಬುವಂತಿಲ್ಲವೆಂಬುದು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ.

ಎರಡನೆಯ ದಿನ, ಭೂಮಿಯ ಗುರುತ್ವದ ಏರುಪೇರನ್ನು ಅಳೆಯುವ ಗ್ರೇಸ್ ಉಪಗ್ರಹಗಳ ಸರದಿ. 2002ರಲ್ಲಿ ಹಾರಿದ ಮೊದಲ ಜೋಡಿ 2017ರಲ್ಲಿ ಕೆಲಸ ನಿಲ್ಲಿಸಿತು, 2018ರಲ್ಲಿ ಹೊಸ ಜೋಡಿ ಹಾರಿತು. ಈ ಅವಳಿಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಕೆಳಗಿನ ದ್ರವ್ಯರಾಶಿ ಮುಂದಿನದನ್ನು ಮೊದಲು ಸೆಳೆಯುವುದರಿಂದ ಅಂತರದಲ್ಲಾಗುವ ಅತಿ ಸೂಕ್ಷ್ಮ ಏರುಪೇರೇ ತಕ್ಕಡಿ. ಆದರೆ ಇದರ ನೋಟ ನೂರಾರು ಕಿಲೋಮೀಟರ್ ಅಗಲದ್ದಾದ್ದರಿಂದ, ಉತ್ತರ ಭಾರತದ ಬಯಲಿನಲ್ಲಿ ಬೋರ್‌ವೆಲ್‌ಗಳು ಎತ್ತುವ ನೀರಿನ ನಷ್ಟವೂ ಹಿಮಾಲಯದ ಲೆಕ್ಕದೊಳಗೆ ಬೆರೆಯುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

2000ದಿಂದ 2023ರವರೆಗೆ ಜಗತ್ತಿನ ಹಿಮನದಿಗಳು ವರ್ಷಕ್ಕೆ ಸರಾಸರಿ 27,300 ಕೋಟಿ ಟನ್ ಕಳೆದುಕೊಂಡಿವೆ ಎಂಬ, 2025ರಲ್ಲಿ ಪ್ರಕಟವಾದ ಅಂಕಿಯನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾದರು. ಹಿಂತಿರುಗುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ: 30 ಟಿಎಂಸಿಯ ನಮ್ಮ ವಾಣಿವಿಲಾಸ ಸಾಗರ ಕೋಡಿ ಬೀಳುವಷ್ಟು ತುಂಬಿದರೆ ಎಷ್ಟು ನೀರೋ, ವರ್ಷಕ್ಕೆ ಅದರ ಮುನ್ನೂರು ಪಾಲಿಗೂ ಹೆಚ್ಚು.

ಮೂವರಿಗೊಂದು ಲ್ಯಾಪ್‌ಟಾಪ್, ಪದೇ ಪದೇ ಕೈಕೊಟ್ಟ ಇಂಟರ್‌ನೆಟ್, ಕೊನೆಯ ಅರ್ಧ ಗಂಟೆಗೆ ತುರುಕಿದ, ಲೇಸರ್‌ನಿಂದ ಎತ್ತರ ಅಳೆಯುವ ಉಪಗ್ರಹದ ಪಾಠ, ಇವು ಸುಧಾರಿಸಬೇಕು. ಸಂಜೆಯ ಮಂಡಕ್ಕಿ, ಮೆಣಸಿನಕಾಯಿಗೆ ಮಾತ್ರ ಪೂರ್ಣಾಂಕ. ನಕ್ಷೆಗಳ ತಂತ್ರಾಂಶವಾದ ಕ್ಯೂಜಿಐಎಸ್ ಬಳಸಿ ಗೊತ್ತಿರುವವರಿಗೆ ಈ ತರಬೇತಿ ಯೋಗ್ಯ; ಮುಂದಿನ ತಂಡಕ್ಕೆ ಸೇರುವವರು ಸ್ವಂತ ಲ್ಯಾಪ್‌ಟಾಪನ್ನೂ ಖಾಲಿ ಪೆನ್‌ಡ್ರೈವನ್ನೂ ಒಯ್ದು, ದತ್ತಾಂಶವನ್ನು ಮೊದಲ ದಿನವೇ ನಕಲು ಮಾಡಿಕೊಳ್ಳುವುದು ಒಳಿತು.