ಮಾರ್ಟಲ್ ಎಂಜಿನ್ಸ್: ಮೊದಲ ಬೇಟೆಗೆ ಪೂರ್ತಿ ಅಂಕ, ಕೊನೆಯ ಯುದ್ಧಕ್ಕೆ ಅರ್ಧ

2018ರ ‘ಮಾರ್ಟಲ್ ಎಂಜಿನ್ಸ್’ ಸಿನಿಮಾವನ್ನು ಬೇರೆ ಯಾವುದಕ್ಕೂ ಅಲ್ಲದಿದ್ದರೂ ಮೊದಲ ಕಾಲು ಗಂಟೆಗಾಗಿ ನೋಡಲೇಬೇಕು. ಅರವತ್ತು ನಿಮಿಷದ ಯುದ್ಧವೊಂದು ಜಗತ್ತನ್ನು ಸುಟ್ಟು ಶತಮಾನಗಳೇ ಕಳೆದಿವೆ. ಬದುಕಿ ಉಳಿದವರು ಊರುಗಳನ್ನೇ ಯಂತ್ರದ ಮೇಲೆ ಕಟ್ಟಿ ಓಡಿಸುತ್ತಿದ್ದಾರೆ. ದೊಡ್ಡ ಊರು ಸಣ್ಣ ಊರನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತದೆ. ಲಂಡನ್ ನಗರ ಒಂದು ಪುಟ್ಟ ಗಣಿ ಊರಿನ ಬೆನ್ನು ಹತ್ತುವಲ್ಲಿಂದ ಕಥೆ ಶುರು.

ಈ ಬೇಟೆಯಲ್ಲಿ ಯಂತ್ರಗಳು ಯಂತ್ರಗಳ ಹಾಗೆಯೇ ನಡೆದುಕೊಳ್ಳುತ್ತವೆ. ಸಣ್ಣ ಊರು ತೂಕ ಇಳಿಸಲು ಸರಕು ಚೆಲ್ಲುತ್ತಾ ಓಡುತ್ತದೆ. ಲಂಡನ್ ಈಟಿ ಎಸೆದು ಅದನ್ನು ಕಚ್ಚಿಕೊಂಡು ದವಡೆಯೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಗರಗಸಗಳು ಕಬ್ಬಿಣ ಕೊಯ್ಯುತ್ತವೆ, ಜನರನ್ನು ಬೇರೆ ಸಾಲಿಗೆ ನಿಲ್ಲಿಸುತ್ತಾರೆ, ಹಳೆಯ ಕಾಲದ ಸಾಮಾನು ಮ್ಯೂಸಿಯಂಗೆ ಹೋಗುತ್ತದೆ. ಒಂದು ಊರು ಇನ್ನೊಂದರ ಹೊಟ್ಟೆಯಲ್ಲಿ ಹೇಗೆ ಕರಗುತ್ತದೆ ಎಂಬುದು ಹಂತ ಹಂತವಾಗಿ ಕಾಣುತ್ತದೆ. ಸ್ಟೀಮ್‌ಪಂಕ್ (ಉಗಿಯಂತ್ರಗಳ ಮೇಲೆ ಕಟ್ಟಿದ ಕಲ್ಪನಾಲೋಕದ ಕಥೆಗಳು) ಎಂದರೆ ಟೋಪಿಗೆ ಹಿತ್ತಾಳೆ ಹಲ್ಲುಚಕ್ರ ಅಂಟಿಸುವುದು ಎಂದುಕೊಂಡವರು ಇದನ್ನು ನೋಡಬೇಕು.

ಲಂಡನ್ ಓಡುವುದು ಗಾಲಿಯ ಮೇಲಲ್ಲ, ಚೈನಿನ ಮೇಲೆ. ನಮ್ಮ ಶಹಾಬಾದ್ ಫರ್ಸಿ ಖಣಿಗಳಲ್ಲಿ ಅಗೆಯುವ ಇಟಾಚಿ ಯಂತ್ರಕ್ಕೆ ಇರುವಂಥದ್ದೇ. ಅದು ಸರಿಯಾದ ಆಯ್ಕೆ. ಒಂದು ವಸ್ತುವನ್ನು ಎಲ್ಲ ದಿಕ್ಕಿಗೂ ಎರಡರಷ್ಟು ದೊಡ್ಡದು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ನೆಲಕ್ಕೆ ತಾಗುವ ಜಾಗ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ನೆಲದ ಮೇಲಿನ ಒತ್ತಡ ಏರುತ್ತಲೇ ಹೋಗುತ್ತದೆ, ಚೈನು ಆ ತೂಕವನ್ನು ಹೆಚ್ಚು ಜಾಗಕ್ಕೆ ಹರಡುತ್ತದೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿನಿಮಾ ಈ ತೂಕವನ್ನು ಮರೆತಿಲ್ಲ: ನಗರ ಹಾದುಹೋದ ಜಾಡು ಕಣಿವೆಯಷ್ಟು ಆಳ, ನಾಯಕ ಟಾಮ್ ಮತ್ತು ನಾಯಕಿ ಹೆಸ್ಟರ್ ಅದರ ತಳದಲ್ಲಿ ಇರುವೆಗಳಂತೆ ಕಾಣುತ್ತಾರೆ.

ಮರೆತದ್ದು ನೀರನ್ನು. ಉಗಿ ಎಂಜಿನ್ನಿನಲ್ಲಿ ಒಂದು ಕಿಲೋ ಕಲ್ಲಿದ್ದಲು ಉರಿದರೆ ಆರೇಳು ಕಿಲೋ ನೀರು ಆವಿಯಾಗಿ ಹೋಗುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಶುರುವಾದಾಗಲೂ ಇದ್ದ ಚಿಂತೆ ಅದೇ, ದಾರಿಯುದ್ದಕ್ಕೂ ನೀರು ಬೇಕು. ಒಣ ಬಯಲಲ್ಲಿ ಹೊಗೆ ಕಾರುತ್ತಾ ಓಡುವ ಈ ಲಂಡನ್ ನೀರನ್ನು ಎಲ್ಲಿಂದ ತರುತ್ತದೆ? ಒಂದೇ ಒಂದು ದೃಶ್ಯ ಸಾಕಿತ್ತು. ಬೇಟೆಯ ಕಾರಣವೇ ನೀರಾಗಿದ್ದರೆ ಕಥೆಗೆ ಎಷ್ಟು ಬಲ ಬರುತ್ತಿತ್ತು!

ಗಾಳಿಯಲ್ಲಿ ತೇಲುವ ಏರ್‌ಹೇವನ್ ಊರಿನ ಲೆಕ್ಕ ಇದಕ್ಕಿಂತ ಪಕ್ಕಾ. ಒಂದು ಘನ ಮೀಟರ್ ಹೈಡ್ರೋಜನ್ ಎತ್ತುವುದು ಹೆಚ್ಚೂಕಡಿಮೆ ಒಂದು ಕಿಲೋ ತೂಕ. ಆದ್ದರಿಂದ ಚೀಲಗಳು ದೊಡ್ಡವು, ಕಟ್ಟಡಗಳು ಹಗುರ. ಬೆಂಕಿ ತಗುಲಿದಾಗ ಅದು ಹತ್ತಿ ಉರಿಯುವುದನ್ನೂ ನಂಬಬಹುದು.

ನಿರ್ದೇಶಕ ಕ್ರಿಶ್ಚಿಯನ್ ರಿವರ್ಸ್ ಅವರಿಗೆ ಇದು ಮೊದಲ ಪೂರ್ಣಪ್ರಮಾಣದ ಸಿನಿಮಾ. 2005ರ ‘ಕಿಂಗ್ ಕಾಂಗ್’ ದೃಶ್ಯಪರಿಣಾಮಕ್ಕೆ ಆಸ್ಕರ್ ಹಂಚಿಕೊಂಡವರು. ಕಣ್ಣಿನ ಕೆಲಸದಲ್ಲಿ ಕೊರತೆಯಿಲ್ಲ. ಸೋತಿರುವುದು ಕಥೆ ಹೇಳುವಲ್ಲಿ. ಪೀಟರ್ ಜಾಕ್ಸನ್, ಫ್ರಾನ್ ವಾಲ್ಶ್, ಫಿಲಿಪ್ಪಾ ಬಾಯೆನ್ಸ್ ಬರೆದ ಚಿತ್ರಕಥೆ ಪಾತ್ರದಿಂದ ಪಾತ್ರಕ್ಕೆ ಜಿಗಿಯುತ್ತದೆ, ಯಾರ ಬಳಿಯೂ ಕೂರುವುದಿಲ್ಲ. ಫಿಲಿಪ್ ರೀವ್ ಅವರ 2001ರ ಕಾದಂಬರಿಯಲ್ಲಿ ಹೆಸ್ಟರ್‌ಗೆ ಒಂದು ಕಣ್ಣಿಲ್ಲ, ಮೂಗು ಜಜ್ಜಿಹೋಗಿದೆ. ಇಲ್ಲಿ ಕೆನ್ನೆಯ ಮೇಲೊಂದು ಗಾಯದ ಗುರುತು, ಅಷ್ಟೇ. ಅವಳ ಸಿಟ್ಟಿನ ಬೇರನ್ನೇ ಹಗುರ ಮಾಡಿದ್ದಾರೆ, ಇದು ನನಗೆ ಒಪ್ಪಿಗೆಯಿಲ್ಲ.

ಕಥೆಯೊಳಗೆ ಮನಸ್ಸು ಹಿಡಿಯುವವನು ಶ್ರೈಕ್. ಸತ್ತ ಮನುಷ್ಯನನ್ನು ಲೋಹದಲ್ಲಿ ಮತ್ತೆ ಎಬ್ಬಿಸಿದ ರೂಪ, ಕಣ್ಣಲ್ಲಿ ಹಸಿರು ಬೆಳಕು, ಒಂದು ಕಾಲಕ್ಕೆ ಹೆಸ್ಟರ್‌ಳನ್ನು ಸಾಕಿದವನು. ಸ್ಟೀಫನ್ ಲ್ಯಾಂಗ್ ಆ ತಗಡಿನ ಎದೆಯೊಳಗೆ ತಂದೆಯೊಬ್ಬನ ಸಂಕಟ ತುಂಬಿದ್ದಾರೆ.

ಕೊನೆಯ ಭಾಗದಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಿಂದ ಮೆಡುಸಾ ಎಂಬ ಹಳೆಯ ಯುದ್ಧಾಸ್ತ್ರ ಹೊರಬರುತ್ತದೆ. ಅಲ್ಲಿಗೆ ಕಲ್ಲಿದ್ದಲು, ಚೈನು, ಹೊಗೆ ಎಲ್ಲ ಮರೆತು ಸಿನಿಮಾ ಬರೀ ಬೆಳಕಿನ ಕಿರಣದ ಕಾಳಗವಾಗುತ್ತದೆ. ಮ್ಯೂಸಿಯಂಗೆ ಸೇರಬೇಕಾದ ವಸ್ತು ಮತ್ತೆ ಆಯುಧವಾಗುವ ಆ ವಿಚಾರವೇನೋ ಬಹಳ ದೊಡ್ಡದು. ಕಲಬುರಗಿ ಕೋಟೆಯ 29 ಅಡಿ ತೋಪಿನ ಮುಂದೆ ಇವತ್ತು ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಮತ್ತೆ ಮದ್ದು ತುಂಬಿದರೆ ಏನಾದೀತು ಎಂಬ ಭಯ ಇಲ್ಲಿದೆ. ಅದನ್ನು ಬೆಳೆಸುವಷ್ಟು ವ್ಯವಧಾನ ಮಾತ್ರ ಸಿನಿಮಾಗೆ ಇರಲಿಲ್ಲ. ಸುಮಾರು 10 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ 8 ಕೋಟಿ ಚಿಲ್ಲರೆ ಗಳಿಸಿತು, ಮುಂದಿನ ಭಾಗ ಬರಲೇ ಇಲ್ಲ.

ನೋಡುವವರಿಗೆ: 2 ಗಂಟೆ 8 ನಿಮಿಷದ ಚಿತ್ರ. ಮೊಬೈಲಿನಲ್ಲಿ ಬೇಡ, ನಗರದ ಗಾತ್ರವೇ ತಿಳಿಯುವುದಿಲ್ಲ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಬಂದ್ ಮಾಡಿ. ಅದು ನಡುವೆ ಸುಳ್ಳು ಫ್ರೇಮ್ ತುರುಕುವುದರಿಂದ ಭಾರಿ ಕಬ್ಬಿಣವೂ ಆಟಿಕೆಯಂತೆ ಕಾಣುತ್ತದೆ. ಬೇಟೆಯ ಗುಡುಗು ತಗ್ಗು ಸ್ವರದಲ್ಲಿದೆ, ಟಿವಿಯ ಸ್ಪೀಕರ್ ಅದನ್ನು ನುಂಗಿಬಿಡುತ್ತದೆ. ಸೌಂಡ್‌ಬಾರ್ ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನ್ ಸಾಕು. ರಾತ್ರಿಯ ದೃಶ್ಯಗಳು ಕಪ್ಪು, ನಮ್ಮ ಬೇಸಿಗೆಯ ಮಧ್ಯಾಹ್ನದ ಬೆಳಕಿನಲ್ಲಿ ಏನೂ ಕಾಣದು. ಕತ್ತಲಾದ ಮೇಲೆ ಹಾಕಿ. ಶ್ರೈಕ್‌ನನ್ನು ಕಂಡು ಸಣ್ಣ ಮಕ್ಕಳು ಹೆದರಬಹುದು, ಹನ್ನೆರಡು ದಾಟಿದವರಿಗೆ ಅಡ್ಡಿಯಿಲ್ಲ. ಊರು, ಹಡಗು, ಆಯುಧಗಳ ಹೆಸರು ವೇಗವಾಗಿ ಹಾದುಹೋಗುತ್ತವೆ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ.