ಇಸ್ತ್ರಿಗೆ ಸ್ಪ್ರೇ ಗಂಜಿ: ನೆಲಕ್ಕೆ ಹಾಸಲು ಯಾವುದು ಒಳ್ಳೆಯದು?

ಅಂಗಳವಿಲ್ಲದ ಫ್ಲ್ಯಾಟಿನಲ್ಲಿ ಗಂಜಿ ಅದ್ದಿದ ಸೀರೆಯನ್ನು ಮಳೆಗಾಲದಲ್ಲಿ ಒಣಗಿಸುವುದು ಎಷ್ಟು ಕಷ್ಟವೆಂದು ಮಂಗಳೂರು, ಉಡುಪಿಯವರಿಗೆ ಹೇಳಬೇಕಾಗಿಲ್ಲ. 2016ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಉಡುಪಿ ಸೀರೆಯಿರಲಿ, ದೇವಸ್ಥಾನಕ್ಕೆ ಉಡುವ ಬಿಳಿ ಪಂಚೆಯಿರಲಿ, ಹತ್ತಿ ಬಟ್ಟೆ ಗಂಜಿಯಿಲ್ಲದೆ ನಿಲ್ಲುವುದಿಲ್ಲ. ಹಾಗಾಗಿ ಇಸ್ತ್ರಿಯ ಹೊತ್ತಿಗೇ ಹೊಡೆಯುವ ಸ್ಪ್ರೇ ಗಂಜಿ ದೊಡ್ಡ ಅನುಕೂಲ. ತೊಂದರೆ ಇರುವುದು ಬಟ್ಟೆಗೆ ತಾಗದೆ ಉಳಿದ ಹನಿಯಲ್ಲಿ. ಅದು ಇಸ್ತ್ರಿ ಸ್ಟ್ಯಾಂಡಿನ ಸುತ್ತ ನೆಲಕ್ಕೆ ಇಳಿದು ಒಣಗುತ್ತದೆ. ಆ ನೆಲವನ್ನು ಕಾಯಲು ಜನ ಸಾಮಾನ್ಯವಾಗಿ ಹಾಸುವ ವಸ್ತುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೇ ಇಲ್ಲಿನ ವಿಷಯ.

ಮೊದಲು ನೆಲದ ಮೇಲೆ ಏನಾಗುತ್ತದೆ ನೋಡೋಣ. ಗಂಜಿಯ ಹನಿ ಒಣಗಿದರೆ ಕಣ್ಣಿಗೆ ಕಾಣದ ತೆಳು ಪದರವಾಗುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಅದು ಪುನಃ ಅಂಟಂಟಾಗಿ ಧೂಳು ಹಿಡಿಯುತ್ತದೆ, ಇರುವೆಯನ್ನೂ ಜಿರಳೆಯನ್ನೂ ಕರೆಯುತ್ತದೆ. ಜೂನ್ ಕಳೆದ ಮೇಲೆ ಮೂಲೆಗಳಲ್ಲಿ ಬೂಷ್ಟು ಬರುವುದೂ ಉಂಟು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಇಸ್ತ್ರಿ ಪೆಟ್ಟಿಗೆ ಸಲೀಸಾಗಿ ಜಾರಲೆಂದು ಹಲವು ಸ್ಪ್ರೇ ಡಬ್ಬಿಗಳಲ್ಲಿ ಸಿಲಿಕೋನ್ ಸೇರಿಸಿರುತ್ತಾರೆ. ಅದು ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ಹಳೆಯ ಹಂಚಿನ ಮನೆಯ ಕಾವಿ (ರೆಡ್ ಆಕ್ಸೈಡ್) ನೆಲ, ಸುಟ್ಟ ಮಣ್ಣಿನ ಬಿಲ್ಲೆ ಹಾಸಿದ ನೆಲ ಅಷ್ಟಾಗಿ ಜಾರುವುದಿಲ್ಲ. ಆದರೆ ಅವುಗಳಿಗೆ ಹೀರುವ ಗುಣ ಇರುವುದರಿಂದ ಕಲೆ ಒಳಗಿಳಿಯುತ್ತದೆ. ಲ್ಯಾಮಿನೇಟ್ ಮರದ ನೆಲದಲ್ಲಿ ಹನಿ ಜೋಡಣೆಯ ಸಂದಿಗೆ ಇಳಿದು ಅಂಚು ಉಬ್ಬುತ್ತದೆ.

ನೆಲಕ್ಕೆ ಹಾಸುವ ವಸ್ತುವಿಗೆ ಎರಡು ಗುಣ ಬೇಕು: ಮೇಲ್ಭಾಗ ಹೀರಬೇಕು, ಅಡಿಭಾಗ ಸೋರಬಾರದು. ಒಂದೇ ಇದ್ದು ಇನ್ನೊಂದು ಇಲ್ಲದಿದ್ದರೆ ಪ್ರಯೋಜನ ಅರ್ಧವೇ.

ಹಳೆಯ ಪೇಪರ್ ಇದಕ್ಕೆ ಬೇಡ. ಗಂಜಿಯೆಂದರೆ ಅಂಟು. ಗೋಡೆಗೆ ಪೋಸ್ಟರ್ ಹಚ್ಚುವುದೂ ಮೈದಾ ಗಂಜಿಯಿಂದಲೇ. ಒದ್ದೆಯಾದ ಪೇಪರ್ ನೆಲಕ್ಕೆ ಅಂಟಿ ಹರಿಯುತ್ತದೆ, ಶಾಯಿ ಬಿಳಿ ಟೈಲ್ಸಿಗೂ ನೆಲಕ್ಕೆ ಇಳಿಬಿದ್ದ ಸೆರಗಿಗೂ ಹತ್ತುತ್ತದೆ.

ಮಳೆಗಾಲದ ಮೊದಲು ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಶೀಟ್ ಅಥವಾ ಟಾರ್ಪಾಲನ್ನು ಹಾಗೇ ಹಾಸುವವರು ತುಂಬ ಮಂದಿ. ನೀರು ಸೋರದು, ನಿಜ. ಆದರೆ ಹನಿ ಹೀರಿಕೊಳ್ಳಲು ಮೇಲೆ ಏನೂ ಇಲ್ಲ. ಸಿಲಿಕೋನ್ ಇರುವ ಸ್ಪ್ರೇಯಾದರೆ ಶೀಟ್ ಮೇಲೆ ನಿಲ್ಲುವುದೇ ಕಷ್ಟ, ಅಂಗಾಲಿಗೆ ಹತ್ತಿದ ಗಂಜಿ ಚಾವಡಿಯಿಂದ ಅಡುಗೆಮನೆಯವರೆಗೆ ಹೆಜ್ಜೆ ಮೂಡಿಸುತ್ತದೆ. ಬರೀ ಪ್ಲಾಸ್ಟಿಕ್ ಹಾಸುವುದಕ್ಕಿಂತ ಏನೂ ಹಾಸದೆ ಕೂಡಲೇ ಒರೆಸುವುದೇ ವಾಸಿ. ಯೋಗ ಮ್ಯಾಟ್, ಮಕ್ಕಳ ಆಟದ ಕೋಣೆಗೆ ಜೋಡಿಸುವ ಫೋಮ್ ಮ್ಯಾಟ್ ಕೂಡ ಇದೇ ಸಾಲಿಗೆ ಸೇರುತ್ತವೆ. ಫೋಮ್ ಮ್ಯಾಟಿನ ಹಲ್ಲುಗಳ ಸಂದಿಯಲ್ಲಿ ಗಂಜಿ ಕೂತರೆ ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕು.

ಎಳೆ ಮಕ್ಕಳಿಗೆ ಹಾಸುವ ಡ್ರೈ ಶೀಟ್ ಮಾತ್ರ ನಿಜಕ್ಕೂ ಒಳ್ಳೆಯ ಆಯ್ಕೆ. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ, ಉಡುಪಿ ಪೇಟೆಯಲ್ಲಿ, ಮಕ್ಕಳ ಬಟ್ಟೆ ಮಾರುವಲ್ಲಿ ಕೇಳಿದರೆ ಸಿಗುತ್ತದೆ. ಮೇಲೆ ಉಣ್ಣೆಯಂತೆ ಮೆತ್ತಗಿನ ಪಾಲಿಯೆಸ್ಟರ್, ಅಡಿಯಲ್ಲಿ ನೀರು ಬಿಡದ ತೆಳು ಲೇಪ. ಹನಿ ಬಿದ್ದಲ್ಲೇ ಇಂಗುತ್ತದೆ, ಕೆಳಗೆ ಇಳಿಯುವುದಿಲ್ಲ. ಸಣ್ಣ ಅಳತೆಯದನ್ನು ಕೊಳ್ಳಬೇಡಿ. 100 x 140 ಸೆಂಟಿಮೀಟರಿನದ್ದೇ ಬೇಕು, ಏಕೆಂದರೆ ಸ್ಟ್ಯಾಂಡೇ ಸುಮಾರು 120 ಸೆಂಟಿಮೀಟರ್ ಉದ್ದವಿರುತ್ತದೆ. ಇದರ ದೋಷ ಎರಡು. ಒಂದು, ಅಡಿಯ ಲೇಪ ನುಣುಪಾದ ಟೈಲ್ಸ್ ಮೇಲೆ ಸರಿಯುತ್ತದೆ. ಅದಕ್ಕೆ ಕಪಾಟಿನ ತಟ್ಟೆಗೆ ಹಾಸುವ ಜಾಳಿಗೆಯಂತಹ ಮ್ಯಾಟಿನ ಎರಡು ತುಂಡನ್ನು ಅಡಿಗಿಟ್ಟರೆ ನಿಲ್ಲುತ್ತದೆ. ಎರಡು, ಶಾಖ. ಕಾಟನ್ ಗುರುತಿಗಿಟ್ಟ ಇಸ್ತ್ರಿ ಪೆಟ್ಟಿಗೆಯ ತಳ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾಗಿರುತ್ತದೆ. ಅದು ಜಾರಿ ಡ್ರೈ ಶೀಟ್ ಮೇಲೆ ಬಿದ್ದರೆ ಲೇಪ ಕರಗಿ ನೆಲಕ್ಕೆ ಮೆತ್ತುತ್ತದೆ. ನೆಲದಲ್ಲೇ ಕಂಬಳಿ ಹಾಸಿ ಇಸ್ತ್ರಿ ಮಾಡುವ ಮನೆಗಳಲ್ಲಿ ಇದು ಬೇಡವೇ ಬೇಡ.

ಎಲ್ಲಕ್ಕಿಂತ ಮೇಲೆಂದು ನಾವು ಹೇಳುವುದು ಹಳೆಯ ಹತ್ತಿ ಬೆಡ್‌ಶೀಟನ್ನು. ಸಿಂಗಲ್ ಮಂಚದ್ದು ಸಾಮಾನ್ಯವಾಗಿ 150 x 225 ಸೆಂಟಿಮೀಟರ್ ಇರುತ್ತದೆ. ಅಡ್ಡಕ್ಕೆ ಎರಡಾಗಿ ಮಡಚಿದರೆ ಸ್ಟ್ಯಾಂಡಿನಡಿಗೆ ಸರಿಯಾಗಿ ಕೂರುತ್ತದೆ. ಸೀರೆಯಾದರೆ ಮಡಚದೆ ಪೂರ್ತಿ ಬಿಡಿಸಿ, ಏಕೆಂದರೆ ಐದೂವರೆ ಮೀಟರ್ ಬಟ್ಟೆ ಸ್ಟ್ಯಾಂಡಿನ ಎರಡೂ ಬದಿಗೆ ಇಳಿಬೀಳುತ್ತದೆ, ಗಂಜಿಯೂ ಅದರ ಹಿಂದೆಯೇ ಇಳಿಯುತ್ತದೆ. ಟೈಲ್ಸ್, ಗ್ರಾನೈಟಿಗೆ ಬೆಡ್‌ಶೀಟ್ ಒಂದೇ ಸಾಕು. ಲ್ಯಾಮಿನೇಟ್, ಕಾವಿ, ಮಣ್ಣಿನ ಬಿಲ್ಲೆಗೆ ಅದರಡಿಯಲ್ಲಿ ತೆಳು ಪ್ಲಾಸ್ಟಿಕ್ ಶೀಟ್ ಇರಲಿ. ಪ್ಲಾಸ್ಟಿಕ್ಕನ್ನು ಬೆಡ್‌ಶೀಟಿಗಿಂತ ಸುತ್ತಲೂ ಒಂದು ಗೇಣು ಚಿಕ್ಕದಾಗಿ ಕತ್ತರಿಸಿ. ಅಂಚು ಹೊರಗೆ ಬಂದರೆ ಕಾಲಿಡುವುದು ಅಲ್ಲೇ, ಜಾರುವುದೂ ಅಲ್ಲೇ. ಕೆಲಸ ಮುಗಿದ ಕೂಡಲೇ ಎರಡನ್ನೂ ಎತ್ತಿಬಿಡಿ. ಮಳೆಗಾಲದಲ್ಲಿ ನೆಲಮಟ್ಟದಲ್ಲಿರುವ ಮನೆಯ ಕಾವಿ ನೆಲ ಕೆಳಗಿಂದ ತೇವ ಎಳೆಯುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ದಿನಗಟ್ಟಲೆ ಬಿದ್ದಿದ್ದರೆ ಉಪ್ಪು ಕೂತು ಬಿಳಿ ಕಲೆಯಾಗುತ್ತದೆ.

ಬೆಡ್‌ಶೀಟ್ ಬಿಸಿನೀರಿಗೆ ಹಾಕಿದರೆ ಗಂಜಿ ಬಿಡುತ್ತದೆ. ತೊಳೆಯದೆ ಮಡಚಿಟ್ಟರೆ ಅದೇ ಇರುವೆ, ಅದೇ ಬೂಷ್ಟು.

ಆದರೆ ಎಂಥ ಹಾಸಾದರೂ ಫ್ಯಾನ್ ಎದುರು ಸೋಲುತ್ತದೆ. ಸೆಖೆಗೆ ಫ್ಯಾನ್ ಹಾಕಿಕೊಂಡೇ ಇಸ್ತ್ರಿ ಮಾಡುವುದು ಇಲ್ಲಿ ಸಹಜ, ಆಗ ಸ್ಪ್ರೇಯ ಮಂಜು ಹಾಸು ದಾಟಿ ಗೋಡೆಯವರೆಗೂ ಹೋಗುತ್ತದೆ. ಸ್ಪ್ರೇ ಹೊಡೆಯುವ ಅಷ್ಟು ಹೊತ್ತು ಫ್ಯಾನ್ ಆರಿಸಿ, ಕಿಟಕಿ ತೆರೆದಿಡಿ. ಒತ್ತಡದ ಡಬ್ಬಿಯಲ್ಲಿ ಉರಿಯುವ ಅನಿಲ ಇರುವುದರಿಂದ ಗ್ಯಾಸ್ ಒಲೆಯ ಹತ್ತಿರ, ದೀಪ ಉರಿಯುತ್ತಿರುವ ದೇವರಕೋಣೆಯ ಎದುರು ಹೊಡೆಯಬೇಡಿ. ಮೂತಿ ಬಟ್ಟೆಯಿಂದ ಒಂದು ಗೇಣು ದೂರದಲ್ಲಿ, ಬಟ್ಟೆಯ ನಡುವಿಗೆ ಮುಖ ಮಾಡಿರಲಿ. ಅಂಚಿಗೆ ಹೊಡೆದರೆ ಅರ್ಧ ನೆಲಕ್ಕೇ. ಹೊಡೆದ ಮೇಲೆ ಕೆಲವು ಸೆಕೆಂಡು ಇಂಗಲು ಬಿಡಿ, ಇಲ್ಲದಿದ್ದರೆ ಗಂಜಿ ಪೆಟ್ಟಿಗೆಯ ತಳಕ್ಕೆ ಹತ್ತಿ ಕಂದಿ, ಹೊಟ್ಟಿನಂತೆ ಉದುರುತ್ತದೆ.

ದಿನಸಿಯ ದೊಡ್ಡ ರಟ್ಟಿನ ಪೆಟ್ಟಿಗೆ ಇದ್ದರೆ ಇನ್ನೂ ಉತ್ತಮ. ಅಡ್ಡ ಮಲಗಿಸಿ, ಪಂಚೆ ಅಥವಾ ಶರ್ಟನ್ನು ಒಳಗಿಟ್ಟು ಅಲ್ಲೇ ಸ್ಪ್ರೇ ಮಾಡಿ, ಸುರುಳಿ ಸುತ್ತಿ 5 ನಿಮಿಷ ಬಿಟ್ಟು ಇಸ್ತ್ರಿ ಮಾಡಿ. ಗಂಜಿ ಸಮನಾಗಿ ಹರಡುತ್ತದೆ, ಮಂಜು ರಟ್ಟಿಗೆ ಹತ್ತಿ ಮುಗಿಯುತ್ತದೆ. ಸೀರೆಗೆ ಈ ಉಪಾಯ ಒಗ್ಗುವುದಿಲ್ಲ.

ಡಬ್ಬಿಯ ಬದಲು ಒತ್ತಿ ಹೊಡೆಯುವ ಬಾಟಲಿಯಾದರೆ ಹನಿ ದಪ್ಪ, ದೂರ ಹಾರದು, ಹಾಸಿನ ಮೇಲೇ ಬೀಳುತ್ತದೆ. ಮನೆಯಲ್ಲೇ ಮಾಡುವುದಾದರೆ ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ, ಕುದಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಮೂತಿ ಕಟ್ಟುತ್ತದೆ, ಕುದಿಸದಿದ್ದರೆ ಬಟ್ಟೆಯಲ್ಲೂ ನೆಲದಲ್ಲೂ ಬಿಳಿ ಚುಕ್ಕೆ. ಅನ್ನದ ಗಂಜಿತಿಳಿ ಬಳಸುವವರು ಬೆಳ್ತಿಗೆ (ಬಿಳಿ) ಅಕ್ಕಿಯದನ್ನೇ ತೆಗೆದುಕೊಳ್ಳಿ, ಕುಚ್ಚಲಕ್ಕಿಯದು ಬಿಳಿ ಪಂಚೆಗೆ ಕೆಂಪು ಛಾಯೆ ಕೊಡುತ್ತದೆ. ಎರಡೂ ಫ್ರಿಜ್ಜಿನಲ್ಲಿರಲಿ, ಹೊರಗೆ ಬೇಗ ಹುಳಿಯುತ್ತವೆ. ಇವುಗಳಲ್ಲಿ ಸಿಲಿಕೋನ್ ಇಲ್ಲದ್ದರಿಂದ ಜಾರುವ ಭಯ ಕಡಿಮೆ, ಅಂಟುವುದು ಮಾತ್ರ ತಪ್ಪದು.

ಇಷ್ಟಾಗಿಯೂ ನೆಲಕ್ಕೆ ಬಿದ್ದರೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಗಂಜಿ ಕರಗುತ್ತದೆ. ಸಿಲಿಕೋನ್ ನೀರಿಗೆ ಬಗ್ಗದು, ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ ಇನ್ನೊಮ್ಮೆ ಒರೆಸಿ, ಕೊನೆಗೆ ಬರೀ ನೀರಿನಲ್ಲಿ. ಫಿನಾಯಿಲ್ ಗಂಜಿಯನ್ನು ಹರಡುತ್ತದೆಯೇ ಹೊರತು ತೆಗೆಯುವುದಿಲ್ಲ. ವಿನೆಗರ್, ಲಿಂಬೆ, ಬಾತ್‌ರೂಮಿನ ಆ್ಯಸಿಡ್ ಇವುಗಳನ್ನು ಮಾರ್ಬಲ್, ಮೊಸಾಯಿಕ್, ಕಾವಿ ನೆಲಕ್ಕೆ ತಾಗಿಸಲೇಬೇಡಿ, ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ಒರೆಸಿದ ಮೇಲೆ ನೆಲ ಒಣಗಿದ ನಂತರ ಬರಿಗಾಲಿನ ಹೆಬ್ಬೆರಳು ಉಜ್ಜಿ ನೋಡಿ. ಜಾರಿದರೆ ಸಿಲಿಕೋನ್ ಇನ್ನೂ ಇದೆ, ಅಂಟಿದರೆ ಗಂಜಿ ಇನ್ನೂ ಇದೆ.